ರೋಗಿಯನ್ನು ಮಲಗಿಸುವ ವಿದ್ಯೆ

ಮಲಗುವುದಕ್ಕೂ ಒಂದು ವಿದ್ಯೆ ಬೇಕೆ ಎಂದು ವಾಚಕರು ಕೇಳಬಹುದು. ಹಸುಗೂಸು ಕೂಡ ಯಾರ ಉಪದೇಶವೂ ಇಲ್ಲದೆ ಮಲಗಬಲ್ಲದು. ಆದರೆ ಮಲಗುವುದು ಬೇರೆ, ಮಲಗಿಸುವುದು ಬೇರೆ. ಮಲಗಿದವನು ತನ್ನ ಮೈಯನ್ನು ತಾನೇ ನೋಡಿಕೊಳ್ಳಬಲ್ಲವನಾದರೆ ಯಾವ ತೊಂದರೆಯೂ ಇಲ್ಲ. ಲಕ್ವ ಹೊಡೆದು ಕೈಕಾಲು ಆಡದವನನ್ನು, ಬೆನ್ನುಹುರಿಗೆ ಪೆಟ್ಟು ಬಿದ್ದು ನಡುವಿನಿಂದ ಕೆಳಗೆ ಸ್ಪರ್ಶಜ್ಞಾನವನ್ನೇ ಕಳೆದುಕೊಂಡವನನ್ನು, ಅರಿವಳಿಕೆಯ ಮದ್ದಿನಿಂದ ಪ್ರಜ್ಞೆಯಿಲ್ಲದೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲಿರುವವನನ್ನು ಮಲಗಿಸುವಾಗ ಮಾತ್ರ ಆ ಕಾರ್ಯ ಒಂದು ಶಾಸ್ತ್ರವೇ ಆಗುತ್ತದೆ. ಅದರ ಹಿಂದಿರುವ ತತ್ತ್ವಗಳು ಪ್ರೌಢಶಾಲೆಯ ವಿದ್ಯಾರ್ಥಿಗೂ ತಿಳಿಯುವಷ್ಟು ಸರಳವಾದುವು. ಅವನ್ನು ಅಲಕ್ಷಿಸಿದರೆ ಒದಗುವ ಹಾನಿಯಾದರೋ ಸಣ್ಣದಲ್ಲ. ಈ ವಿಷಯವನ್ನು ಕ್ರಮವಾಗಿ ವಿಚಾರಿಸೋಣ.

ದೇಹದ ಕಾವಲು

ರಾತ್ರಿಯಿಡೀ ಕದಲದೆ ನಿದ್ರಿಸಿದೆವೆಂದು ಹೇಳುವವರೂ ವಾಸ್ತವವಾಗಿ ಹಲವು ಸಲ ಮಗ್ಗುಲು ಬದಲಿಸಿರುತ್ತಾರೆ. ಅದು ಅವರ ನೆನಪಿನಲ್ಲಿ ಇರುವುದಿಲ್ಲ, ಅಷ್ಟೆ. ಒಂದು ಭಾಗದ ಮೇಲೆ ಹೆಚ್ಚು ಹೊತ್ತು ಭಾರ ಬಿದ್ದಾಗ ಅಲ್ಲಿಯ ನರಗಳು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ನಿದ್ರೆ ಕೆಡದಂತೆಯೇ ಸ್ನಾಯುಗಳು ದೇಹವನ್ನು ಹೊರಳಿಸುತ್ತವೆ. ಎಚ್ಚರದಲ್ಲಿಯೂ ಹೀಗೆಯೇ. ಊಟದ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತವರು ಸ್ವಲ್ಪ ಹೊತ್ತಿನಲ್ಲಿಯೇ ಕಾಲು ಬದಲಿಸುವುದನ್ನು ನಾವೆಲ್ಲರೂ ಕಂಡಿದ್ದೇವೆ. ಬದಲಿಸದಿದ್ದರೆ ಕಾಲು ಜೋಮು ಹಿಡಿಯುತ್ತದೆ. ನರವೂ ಅದಕ್ಕೆ ರಕ್ತವನ್ನು ಒದಗಿಸುವ ಸಣ್ಣ ನಾಳಗಳೂ ಅದುಮಲ್ಪಟ್ಟಿರುವುದೇ ಜೋಮಿಗೆ ಕಾರಣ. ಎದ್ದು ಕಾಲು ನೀಡಿದೊಡನೆ ಇರುವೆ ಹರಿದಂತಾಗಿ, ಕೆಲವು ನಿಮಿಷಗಳಲ್ಲಿ ಎಲ್ಲವೂ ಸರಿಹೋಗುತ್ತದೆ.

ಜೋಮು ನಮಗೆ ತೊಂದರೆಯೆನಿಸಿದರೂ ಅದು ಉಪಕಾರಿಯಾದ ಎಚ್ಚರಿಕೆ. ನೋವು, ಜೋಮು, ಕಸಿವಿಸಿ ಇವೆಲ್ಲ ದೇಹದ ಕಾವಲುಗಾರರು. ಮೇಲೆ ಹೇಳಿದ ರೋಗಿಗಳಲ್ಲಿ ಈ ಕಾವಲು ನಿಂತುಹೋಗಿರುತ್ತದೆ. ಕೆಲವರಲ್ಲಿ ಸುದ್ದಿಯೇ ಮಿದುಳನ್ನು ಮುಟ್ಟದು. ಇನ್ನು ಕೆಲವರಲ್ಲಿ ಸುದ್ದಿ ಮುಟ್ಟಿದರೂ ಹೊರಳುವ ಶಕ್ತಿಯಿಲ್ಲ. ಇಂಥವರ ಪರವಾಗಿ ಆ ಕೆಲಸವನ್ನು ಮತ್ತೊಬ್ಬರು ಕಣ್ಣಿಟ್ಟು ಮಾಡಬೇಕು. ರೋಗಿಯನ್ನು ಮಲಗಿಸುವ ವಿದ್ಯೆಯ ತಿರುಳು ಇಷ್ಟೆ.

ಭಾರ ಮತ್ತು ಒತ್ತಡ

ಭಾರ ಬೇರೆ, ಒತ್ತಡ ಬೇರೆ ಎಂಬುದನ್ನು ವಿದ್ಯಾರ್ಥಿಗಳು ತರಗತಿಯಲ್ಲಿ ಓದಿರುತ್ತಾರೆ. ಭಾರವನ್ನು ಅದು ಹರಡಿರುವ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ದೊರೆಯುತ್ತದೆ. ತಲೆಯ ಮೇಲೆ ನೀರಿನ ಕೊಡ ಹೊರುವ ಹೆಂಗಸರು ಕೊಡದ ಕೆಳಗೆ ಬಟ್ಟೆಯ ಸಿಂಬಿಯನ್ನು ಇಟ್ಟುಕೊಳ್ಳುವುದು ಈ ತತ್ತ್ವದಿಂದಲೇ. ಕೊಡದ ಭಾರ ಕಡಮೆಯಾಗದಿದ್ದರೂ ಅದು ಹೆಚ್ಚು ಜಾಗಕ್ಕೆ ಹರಡುವುದರಿಂದ ನೆತ್ತಿ ನೋಯುವುದಿಲ್ಲ.

ಈಗ ಒಂದು ಲೆಕ್ಕ ಮಾಡೋಣ. ೬೦ ಕಿಲೋಗ್ರಾಂ ತೂಕದ ಒಬ್ಬಾತನು ಅಂಗಾತ ಮಲಗಿದ್ದಾನೆ. ಆತನ ಮೈ ಹಾಸಿಗೆಯನ್ನು ಅರ್ಧ ಚದರ ಮೀಟರಿನಷ್ಟು ಜಾಗದಲ್ಲಿ ಮುಟ್ಟಿದೆ ಎಂದಿಟ್ಟುಕೊಳ್ಳೋಣ. ಭಾರವು ಎಲ್ಲೆಡೆಯೂ ಸಮನಾಗಿ ಹಂಚಿದ್ದರೆ ಒತ್ತಡವು ಪಾದರಸದ ೯ ಮಿಲಿಮೀಟರುಗಳಷ್ಟು ಮಾತ್ರ ಆಗುತ್ತದೆ. ಆದರೆ ಮನುಷ್ಯನ ಮೈ ಚಪ್ಪಟೆಯಾದ ಹಲಗೆಯಲ್ಲವಷ್ಟೆ! ಹಿಂದಲೆ, ಭುಜದ ಎಲುಬು, ಮೊಣಕೈ, ಸೊಂಟದ ಕೆಳಗಿರುವ ತ್ರಿಕಾಸ್ಥಿ, ಹಿಮ್ಮಡಿ ಇವೇ ಭಾರದ ಬಹುಪಾಲನ್ನು ಹೊರುತ್ತವೆ. ಈ ಜಾಗಗಳಲ್ಲಿ ಎಲುಬಿಗೂ ಚರ್ಮಕ್ಕೂ ನಡುವೆ ಮಾಂಸದ ಮೆತ್ತೆ ತೀರ ತೆಳುವು. ಅಂಥ ಒಂದು ಜಾಗದಲ್ಲಿ ೬೦ ಚದರ ಸೆಂಟಿಮೀಟರುಗಳ ಮೇಲೆ ೬ ಕಿಲೋಗ್ರಾಂ ಭಾರ ಬಿದ್ದರೆ, ಒತ್ತಡವು ಪಾದರಸದ ೭೩ ಮಿಲಿಮೀಟರುಗಳನ್ನು ಮೀರುತ್ತದೆ.

ಈ ಅಂಕಿಯ ಅರ್ಥವನ್ನು ತಿಳಿಯಬೇಕಾದರೆ ಚರ್ಮದೊಳಗಿನ ರಕ್ತದ ಒತ್ತಡವೆಷ್ಟೆಂಬುದು ಗೊತ್ತಿರಬೇಕು. ೧೯೩೦ರಲ್ಲಿ ಯೂಜೀನ್ ಲ್ಯಾಂಡಿಸ್ ಎಂಬ ಅಮೆರಿಕದ ವಿಜ್ಞಾನಿ ಕೂದಲೆಳೆಗಿಂತಲೂ ಸಪೂರವಾದ ಗಾಜಿನ ನಳಿಗೆಯನ್ನು ಉಗುರಿನ ಬುಡದ ಲೋಮನಾಳಗಳಿಗೆ ಚುಚ್ಚಿ ಅದನ್ನು ಅಳೆದನು. ಧಮನಿಯ ಕಡೆಯ ತುದಿಯಲ್ಲಿ ಅದು ಸರಾಸರಿ ೩೨ ಮಿಲಿಮೀಟರು, ಸಿರೆಯ ಕಡೆಯ ತುದಿಯಲ್ಲಿ ೧೨ ಮಿಲಿಮೀಟರು ಇದ್ದಿತು. ಹೊರಗಿನ ಒತ್ತಡ ಒಳಗಿನದನ್ನು ಬಹುವಾಗಿ ಮೀರಿದಾಗ ಲೋಮನಾಳ ಅಮುಕಿಹೋಗುತ್ತದೆ. ಅದು ಪೋಷಿಸುತ್ತಿದ್ದ ಜೀವಕೋಶಗಳಿಗೆ ಆಮ್ಲಜನಕವಿಲ್ಲದಂತಾಗುತ್ತದೆ. ೩೨ ಎಂಬುದು ಎಲ್ಲರಿಗೂ ಎಲ್ಲ ಭಾಗಗಳಿಗೂ ಅನ್ವಯಿಸುವ ಗಡಿಯೆಂದು ಭಾವಿಸಬಾರದು. ವಯಸ್ಸು, ಪೋಷಣೆ, ರಕ್ತದ ಒತ್ತಡ ಇವುಗಳಿಗೆ ತಕ್ಕಂತೆ ಅದು ವ್ಯತ್ಯಾಸವಾಗುತ್ತದೆ.

ಒತ್ತಡದಷ್ಟೇ ಮುಖ್ಯವಾದದ್ದು ಕಾಲ. ಮೈಕೇಲ್ ಕೋಸಿಯಾಕ್ ಎಂಬ ವೈದ್ಯನು ನಾಯಿಗಳ ಮೇಲೆ ಪ್ರಯೋಗ ನಡೆಸಿ ೧೯೫೯ರಲ್ಲಿ ಪ್ರಕಟಿಸಿದ ಫಲಿತಾಂಶಗಳು ಇದನ್ನು ಸ್ಪಷ್ಟಪಡಿಸಿದುವು. ಅಧಿಕ ಒತ್ತಡ ಸ್ವಲ್ಪ ಹೊತ್ತಿನಲ್ಲಿ ಮಾಡುವ ಹಾನಿಯನ್ನು ಅಲ್ಪ ಒತ್ತಡವು ಬಹಳ ಹೊತ್ತಿನಲ್ಲಿ ಮಾಡಬಲ್ಲದು. ಆದುದರಿಂದ ಹಾಸಿಗೆ ಮೆತ್ತಗಿದೆಯೆಂದು ರೋಗಿಯನ್ನು ಇಡೀ ರಾತ್ರಿ ಒಂದೇ ಭಂಗಿಯಲ್ಲಿ ಬಿಡುವುದು ಸರಿಯಲ್ಲ.

ಹಾಸಿಗೆಹುಣ್ಣು ಯಾರ ತಪ್ಪು?

ಹೀಗೆ ರಕ್ತ ದೊರೆಯದೆ ಅಂಗಾಂಶಗಳು ಸತ್ತು ಉಂಟಾಗುವ ಗಾಯವೇ ಹಾಸಿಗೆಹುಣ್ಣು. ಮೊದಲು ಚರ್ಮ ಕೆಂಪಾಗುತ್ತದೆ. ಅನಂತರ ಗುಳ್ಳೆಯೆದ್ದು ಒಡೆಯುತ್ತದೆ. ಉಪೇಕ್ಷಿಸಿದರೆ ಎಲುಬು ಕಾಣುವವರೆಗೂ ಗುಳಿ ಬೀಳಬಹುದು. ಆ ದಾರಿಯಿಂದ ರೋಗಾಣುಗಳು ರಕ್ತವನ್ನು ಸೇರಿ ರೋಗಿಯ ಪ್ರಾಣಕ್ಕೇ ಅಪಾಯ ಬರುವುದುಂಟು.

ಇದಕ್ಕೆ ಕಾರಣವೇನೆಂಬ ವಿಷಯದಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಭಿನ್ನಾಭಿಪ್ರಾಯವಿತ್ತು. ಪ್ಯಾರಿಸ್ಸಿನ ಪ್ರಸಿದ್ಧ ನರವೈದ್ಯ ಶಾರ್ಕೋ, ಮಿದುಳು ಬೆನ್ನುಹುರಿಗಳಿಗೆ ಪೆಟ್ಟಾದರೆ ಹುಣ್ಣು ತಾನಾಗಿಯೇ ಏಳುತ್ತದೆ ಎಂದು ವಾದಿಸಿದನು. ಈ ವಾದವನ್ನು ಒಪ್ಪಿದರೆ ದಾದಿಯರಿಗೆ ಮಾಡಲು ಏನೂ ಉಳಿಯದು; ಹುಣ್ಣು ರೋಗಿಯ ಹಣೆಬರಹವೆಂದು ಕೈಚೆಲ್ಲಿ ಕೂರಬೇಕಾಗುತ್ತದೆ. ಆದರೆ ಬ್ರೌನ್ ಸೆಕಾರ್ ಎಂಬ ವಿಜ್ಞಾನಿ ಅದಕ್ಕೂ ಮೊದಲೇ, ೧೮೫೩ರಲ್ಲಿ, ಬೆನ್ನುಹುರಿ ಕತ್ತರಿಸಿದ ಪ್ರಾಣಿಗಳನ್ನು ಶುಚಿಯಾಗಿಟ್ಟು ಯಾವ ಭಾಗವೂ ಸತತವಾಗಿ ಅದುಮಿಕೊಳ್ಳದಂತೆ ನೋಡಿಕೊಂಡರೆ ಹುಣ್ಣಾಗುವುದಿಲ್ಲವೆಂದು ತೋರಿಸಿದ್ದನು. ಫ್ಲಾರೆನ್ಸ್ ನೈಟಿಂಗೇಲಳೂ ೧೮೫೯ರಲ್ಲಿ ಶುಶ್ರೂಷೆಯನ್ನು ಕುರಿತು ಬರೆದ ತನ್ನ ಪುಸ್ತಕದಲ್ಲಿ, ಹಾಸಿಗೆಹುಣ್ಣಿಗೆ ಸಾಮಾನ್ಯವಾಗಿ ರೋಗಕ್ಕಿಂತ ಶುಶ್ರೂಷೆಯ ಲೋಪವೇ ಹೊಣೆಯೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದಳು.

ಈ ವಿವಾದವನ್ನು ಆಸ್ಪತ್ರೆಯ ಅನುಭವವೇ ಬಗೆಹರಿಸಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, ೧೯೪೪ರ ಫೆಬ್ರವರಿಯಲ್ಲಿ, ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿಗೆ ಗಾಯವಾದ ಸೈನಿಕರಿಗಾಗಿ ಒಂದು ವಿಭಾಗವನ್ನು ತೆರೆದರು. ನಾಟ್ಸಿಗಳ ಹಾವಳಿಯಿಂದ ಜರ್ಮನಿಯನ್ನು ಬಿಟ್ಟು ಬಂದಿದ್ದ ಲುಡ್ವಿಗ್ ಗುಟ್‌ಮನ್ ಅದರ ಮುಖ್ಯಸ್ಥನಾದನು. ಅಲ್ಲಿಯವರೆಗೆ ಇಂಥ ಗಾಯಾಳುಗಳಲ್ಲಿ ಬಹುಮಂದಿ ಹಾಸಿಗೆಹುಣ್ಣಿನಿಂದಲೋ ಮೂತ್ರಾಂಗಗಳ ಸೋಂಕಿನಿಂದಲೋ ಸಾಯುತ್ತಿದ್ದರು. ಗುಟ್‌ಮನ್ ಹೊಸ ಔಷಧವನ್ನೇನೂ ಕಂಡುಹಿಡಿಯಲಿಲ್ಲ. ಹಗಲಾಗಲಿ ಇರುಳಾಗಲಿ, ಎರಡು ಗಂಟೆಗೊಮ್ಮೆ ಪ್ರತಿಯೊಬ್ಬ ರೋಗಿಯ ಮಗ್ಗುಲನ್ನು ಬದಲಿಸತಕ್ಕದ್ದೆಂದು ವಿಧಿಸಿ, ಅದು ತಪ್ಪದಂತೆ ತಾನೇ ನೋಡಿಕೊಂಡನು. ಸಾವನ್ನು ಕಾಯುತ್ತ ಮಲಗಿದ್ದವರು ಚಕ್ರದ ಕುರ್ಚಿಗಳಲ್ಲಿ ಕುಳಿತು ಆಟವಾಡತೊಡಗಿದರು. ೧೯೪೮ರಲ್ಲಿ ಅದೇ ಆಸ್ಪತ್ರೆಯ ಅಂಗಳದಲ್ಲಿ ನಡೆದ ಪಂದ್ಯಗಳೇ ಮುಂದೆ ಪ್ಯಾರಾಲಿಂಪಿಕ್ ಕ್ರೀಡೆಗಳಾಗಿ ಬೆಳೆದುವು.

ಮೇಜಿನ ಮೇಲಿನ ಎಚ್ಚರ

ಇನ್ನು ಶಸ್ತ್ರಚಿಕಿತ್ಸೆಯ ಕೊಠಡಿಗೆ ಬರೋಣ. ಇಲ್ಲಿ ರೋಗಿಯ ಭಂಗಿಯನ್ನು ಗೊತ್ತುಮಾಡುವುದು ವೈದ್ಯನ ಅವಶ್ಯಕತೆ. ಕತ್ತರಿಸಬೇಕಾದ ಜಾಗ ಆತನ ಕಣ್ಣಿಗೂ ಕೈಗೂ ಸಿಗಬೇಕು. ಇದು ಹಳೆಯ ಮಾತೇ. ನಮ್ಮ ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೂತ್ರಕೋಶದ ಕಲ್ಲನ್ನು ತೆಗೆಯುವ ಕ್ರಮವನ್ನು ಹೇಳುವಾಗ, ರೋಗಿಯ ಮೇಲುಮೈಯನ್ನು ಬಲಶಾಲಿಯಾದ ಒಬ್ಬನ ತೊಡೆಯ ಮೇಲೆ ಮಲಗಿಸಿ, ಸೊಂಟವನ್ನು ಎತ್ತರಿಸಿ, ಮೊಣಕಾಲು ಮೊಣಕೈಗಳನ್ನು ಮಡಿಸಿ ಕಟ್ಟಬೇಕೆಂದು ವಿವರಿಸಿದೆ. ಆಗ ರೋಗಿಗೆ ಎಚ್ಚರವಿರುತ್ತಿತ್ತು. ಎಲ್ಲಿ ನೋಯುತ್ತದೆಂದು ಆತನು ಕೂಗಿ ಹೇಳಬಲ್ಲವನಾಗಿದ್ದನು. ೧೮೪೬ರ ಅಕ್ಟೋಬರಿನಲ್ಲಿ ಬಾಸ್ಟನ್ ನಗರದಲ್ಲಿ ಈಥರ್ ಅರಿವಳಿಕೆಯ ಬಹಿರಂಗ ಪ್ರದರ್ಶನವಾದ ಮೇಲೆ ಶಸ್ತ್ರಚಿಕಿತ್ಸೆಯ ಚರಿತ್ರೆಯೇ ಬದಲಾಯಿತು. ಗಂಟೆಗಟ್ಟಲೆ ನಡೆಯುವ ಚಿಕಿತ್ಸೆಗಳು ಸಾಧ್ಯವಾದುವು. ಆದರೆ ಶಸ್ತ್ರದ ನೋವಿನೊಡನೆ ಭಂಗಿಯ ನೋವೂ ಮರೆಯಾಯಿತು. ಹೊಟ್ಟೆಯ ಚಿಕಿತ್ಸೆಗೆಂದು ಮಲಗಿದ ರೋಗಿ ಎಚ್ಚೆತ್ತಾಗ ಕೈಯೆತ್ತಲಾರದೆ ಹೋದ ಪ್ರಸಂಗಗಳು ವರದಿಯಾಗತೊಡಗಿದುವು. ಇದು ಮದ್ದಿನ ವಿಷವೆಂದು ಹಲವರು ಊಹಿಸಿದ್ದರು. ನರಗಳು ಎಳೆಯಲ್ಪಟ್ಟು ಅಥವಾ ಅದುಮಲ್ಪಟ್ಟು ಹೀಗಾಗುವುದೆಂದು ೧೮೯೪ರಲ್ಲಿ ಬ್ಯೂಡಿಂಗರ್ ಎಂಬಾತನು ವಾದಿಸಿದನು.

ಯಾವ ನರಕ್ಕೆ ಎಲ್ಲಿ ಅಪಾಯವೆಂಬುದನ್ನು ನೋಡೋಣ. ಮೊಣಕೈ ಬಾಗಿಲಿಗೆ ತಗುಲಿದಾಗ ಕಿರುಬೆರಳಿನವರೆಗೂ ಜುಮ್ಮೆನ್ನುವುದು ಎಲ್ಲರ ಅನುಭವ. ಅಲ್ಲಿ ಒಂದು ನರವು ಎಲುಬಿನ ಮೇಲೆ, ಚರ್ಮದ ಕೆಳಗೇ ಹಾದುಹೋಗುತ್ತದೆ. ಪ್ರಜ್ಞೆಯಿಲ್ಲದವನ ಮೊಣಕೈ ಮೇಜಿನ ಅಂಚಿಗೆ ಒತ್ತಿಕೊಂಡು ಎರಡು ಮೂರು ಗಂಟೆಗಳಿದ್ದರೆ ಬೆರಳುಗಳ ಶಕ್ತಿಯೇ ಕುಂದಬಹುದು. ಆದುದರಿಂದ ಮೊಣಕೈಗೆ ಮೆತ್ತೆಯನ್ನಿಟ್ಟು, ತೋಳನ್ನು ಪಕ್ಕಕ್ಕೆ ಚಾಚಿದಾಗ ಅಂಗೈ ಮೇಲ್ಮೊಗವಾಗಿಯೂ, ಮೈಗೆ ಸೇರಿಸಿಟ್ಟಾಗ ಅಂಗೈ ತೊಡೆಯ ಕಡೆಗೂ ಇರುವಂತೆ ಮಾಡುತ್ತಾರೆ. ಕತ್ತಿನಿಂದ ಕಂಕುಳಿನ ಮೂಲಕ ತೋಳಿಗೆ ಇಳಿಯುವ ನರಗಳ ಜಾಲ ಇನ್ನೊಂದು. ತೋಳನ್ನು ೯೦ ಅಂಶಗಳಿಗಿಂತ ಹೆಚ್ಚಾಗಿ ಚಾಚಿ, ತಲೆಯನ್ನು ಎದುರು ಪಕ್ಕಕ್ಕೆ ಹೊರಳಿಸಿದರೆ ಆ ಜಾಲವು ಹಗ್ಗದಂತೆ ಬಿಗಿಯುತ್ತದೆ. ಮೊಣಕಾಲಿನ ಹೊರಮಗ್ಗುಲಲ್ಲಿ, ಸಣ್ಣ ಎಲುಬಿನ ತಲೆಯನ್ನು ಸುತ್ತಿಬರುವ ನರ ಮೂರನೆಯದು. ಕಾಲುಗಳನ್ನು ಮೇಲೆತ್ತಿ ಆಸರೆಗಳಲ್ಲಿ ಇರಿಸಿದಾಗ ಅದು ಲೋಹದ ಕಂಬಕ್ಕೆ ಒತ್ತಿಕೊಂಡರೆ, ಎದ್ದ ಮೇಲೆ ಪಾದ ಜೋತುಬಿದ್ದು ರೋಗಿ ಎಡವುತ್ತಾನೆ.

ಕಾಲುಗಳನ್ನು ಎತ್ತುವುದಕ್ಕೂ ಇಳಿಸುವುದಕ್ಕೂ ಒಂದು ಕ್ರಮವುಂಟು. ಎರಡನ್ನೂ ಒಟ್ಟಿಗೆ, ನಿಧಾನವಾಗಿ ಚಲಿಸಬೇಕು. ಒಂದೊಂದಾಗಿ ಎಳೆದರೆ ಸೊಂಟದ ಕೀಲೂ ಬೆನ್ನೂ ತಿರುಚಿಕೊಳ್ಳುತ್ತವೆ. ಥಟ್ಟನೆ ಇಳಿಸಿದರೆ ರಕ್ತವು ಕಾಲುಗಳಿಗೆ ಹರಿದು ರಕ್ತದ ಒತ್ತಡ ಕುಸಿಯುತ್ತದೆ. ಮೇಜಿನ ಕಾಲಿನ ಭಾಗವನ್ನು ಮೇಲೆತ್ತುವಾಗ ರೋಗಿಯ ಬೆರಳುಗಳು ಸಂದಿನಲ್ಲಿ ಸಿಕ್ಕಿಕೊಳ್ಳದಂತೆಯೂ ನೋಡಬೇಕು. ರೋಗಿ ಜಾರದಂತೆ ತೊಡೆಗಳ ಮೇಲೆ ಪಟ್ಟಿ ಕಟ್ಟುವುದು, ಆ ಪಟ್ಟಿ ರಕ್ತಸಂಚಾರವನ್ನು ತಡೆಯುವಷ್ಟು ಬಿಗಿಯಾಗದಂತೆ ಎಚ್ಚರ ವಹಿಸುವುದು, ಮೈ ಎಲ್ಲಿಯೂ ಬರಿಯ ಲೋಹಕ್ಕೆ ತಾಗದಂತೆ ನೋಡಿಕೊಳ್ಳುವುದು, ಚಿಕಿತ್ಸೆಯ ನಡುವೆ ಯಾರೂ ರೋಗಿಯ ಮೈಮೇಲೆ ಒರಗದಿರುವುದು, ಇವೆಲ್ಲ ಸಣ್ಣ ವಿಷಯಗಳಂತೆ ಕಂಡರೂ ಅಂಗಗಳನ್ನು ಉಳಿಸುವಂಥವು.

ಭಂಗಿಯೂ ಉಸಿರೂ

ಭಂಗಿಯ ಪ್ರಭಾವ ಚರ್ಮಕ್ಕೂ ನರಕ್ಕೂ ಸೀಮಿತವಲ್ಲ. ನಮ್ಮ ದೇಹದಲ್ಲಿ ರಕ್ತ, ಶ್ವಾಸಕೋಶ, ಕರುಳು ಎಲ್ಲವೂ ಗುರುತ್ವಾಕರ್ಷಣೆಗೆ ಒಳಪಟ್ಟಿವೆ. ಭಂಗಿ ಬದಲಾದರೆ ಅವುಗಳ ಕೆಲಸವೂ ಬದಲಾಗುತ್ತದೆ. ಇದರಿಂದ ಹಾನಿಯಾಗುವಂತೆ ಉಪಕಾರವೂ ಉಂಟು.

ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗನು ಕಿಬ್ಬೊಟ್ಟೆಯ ಚಿಕಿತ್ಸೆಗಾಗಿ ರೋಗಿಯ ತಲೆಯನ್ನು ತಗ್ಗಿಸಿ ಸೊಂಟವನ್ನು ಎತ್ತರಿಸುತ್ತಿದ್ದನು. ಕರುಳು ಎದೆಯತ್ತ ಸರಿದು ಕೆಲಸದ ಜಾಗ ತೆರವಾಗುತ್ತಿತ್ತು. ಈ ವಿಧಾನವನ್ನು ಆತನ ಶಿಷ್ಯ ವಿಲ್ಲಿ ಮೇಯರ್ ೧೮೮೫ರಲ್ಲಿ ವರ್ಣಿಸಿದನು. ಆದರೆ ಸರಿದ ಕರುಳು ವಪೆಯನ್ನು ಒತ್ತುವುದರಿಂದ ಉಸಿರಾಟಕ್ಕೆ ಅಡ್ಡಿಯಾಗುತ್ತದೆ. ಮುಖಕ್ಕೂ ಕಣ್ಣುಗಳಿಗೂ ರಕ್ತ ನುಗ್ಗುತ್ತದೆ. ೧೯೦೦ರಲ್ಲಿ ಅಮೆರಿಕದ ಜಾರ್ಜ್ ಫೌಲರ್ ಇದಕ್ಕೆ ವಿರುದ್ಧವಾದ ಭಂಗಿಯನ್ನು ಸೂಚಿಸಿದನು. ಹೊಟ್ಟೆಯೊಳಗೆ ಕೀವಾದ ರೋಗಿಗಳನ್ನು ಅರೆಕುಳಿತಂತೆ ಒರಗಿಸಿದರೆ ಕೀವು ಕಿಬ್ಬೊಟ್ಟೆಗೆ ಇಳಿದು ಅಲ್ಲಿಂದ ತೆಗೆಯಲು ಸುಲಭವಾಗುವುದೆಂಬುದು ಆತನ ಆಲೋಚನೆ. ಏದುಸಿರು ಬಿಡುವ ರೋಗಿಗಳಿಗೆ ಈ ಭಂಗಿ ಇಂದೂ ನೆಮ್ಮದಿಯನ್ನು ಕೊಡುತ್ತದೆ. ಆದರೆ ಇಲ್ಲಿಯೂ ಒಂದು ತೊಡಕುಂಟು. ಒರಗಿದ ರೋಗಿ ಮೆಲ್ಲನೆ ಕೆಳಕ್ಕೆ ಜಾರುತ್ತಾನೆ. ಚರ್ಮ ಹಾಸಿಗೆಗೆ ಅಂಟಿಕೊಂಡಿರುವಾಗ ಒಳಗಿನ ಎಲುಬೂ ಮಾಂಸವೂ ಕೆಳಗೆ ಸರಿಯುತ್ತವೆ. ನಡುವಿನ ರಕ್ತನಾಳಗಳು ಎಳೆದು ತಿರುಚಿಕೊಳ್ಳುತ್ತವೆ. ತ್ರಿಕಾಸ್ಥಿಯ ಬಳಿಯ ಎಷ್ಟೋ ಹುಣ್ಣುಗಳಿಗೆ ಈ ಜಾರುವಿಕೆಯೂ ಕಾರಣ.

ತುಂಬುಗರ್ಭಿಣಿಯು ಅಂಗಾತ ಮಲಗಿದರೆ ಗರ್ಭದ ಭಾರವು ಹೃದಯಕ್ಕೆ ರಕ್ತವನ್ನು ಒಯ್ಯುವ ದೊಡ್ಡ ಸಿರೆಯನ್ನು ಬೆನ್ನೆಲುಬಿಗೆ ಅದುಮುತ್ತದೆ. ಆಕೆಗೆ ತಲೆಸುತ್ತು ಬರಬಹುದು, ಶಿಶುವಿಗೆ ರಕ್ತ ಕಡಮೆಯಾಗಬಹುದು. ಬಲಸೊಂಟದ ಕೆಳಗೆ ದಿಂಬನ್ನಿಟ್ಟು ಎಡಕ್ಕೆ ವಾಲಿಸಿದರೆ ಭಾರವು ಸಿರೆಯಿಂದ ಸರಿಯುತ್ತದೆ.

ಭಂಗಿಯೇ ಚಿಕಿತ್ಸೆಯಾಗುವುದೂ ಉಂಟು. ತೀವ್ರವಾದ ಶ್ವಾಸಕೋಶದ ವೈಫಲ್ಯದಲ್ಲಿ ರೋಗಿ ಅಂಗಾತ ಮಲಗಿದ್ದರೆ ಶ್ವಾಸಕೋಶಗಳ ಹಿಂಭಾಗ ಅಮುಕಿಹೋಗಿ ಅಲ್ಲಿಗೆ ಗಾಳಿ ಹೋಗುವುದಿಲ್ಲ. ರಕ್ತ ಮಾತ್ರ ವ್ಯರ್ಥವಾಗಿ ಹರಿಯುತ್ತದೆ. ಬೋರಲಾಗಿ ಮಲಗಿಸಿದರೆ ಆ ಭಾಗ ತೆರೆದುಕೊಳ್ಳುತ್ತದೆ. ಕೃತಕ ಉಸಿರಾಟದ ಯಂತ್ರದ ಆಸರೆಯಲ್ಲಿದ್ದ ೪೬೬ ರೋಗಿಗಳನ್ನು ಕುರಿತು ಫ್ರಾನ್ಸಿನ ಗೆರಾಂ ಮತ್ತು ಸಂಗಡಿಗರು ೨೦೧೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಗಾತವಾಗಿಯೇ ಇದ್ದವರಲ್ಲಿ ನೂರಕ್ಕೆ ಸುಮಾರು ೩೩ ಮಂದಿ ೨೮ ದಿನಗಳೊಳಗೆ ತೀರಿಕೊಂಡರೆ, ದೀರ್ಘಕಾಲ ಬೋರಲಾಗಿ ಮಲಗಿಸಲ್ಪಟ್ಟವರಲ್ಲಿ ತೀರಿಕೊಂಡವರು ನೂರಕ್ಕೆ ೧೬ ಮಂದಿ ಮಾತ್ರ. ೨೦೨೧ರ ಏಪ್ರಿಲಿನಲ್ಲಿ ಕೋವಿಡ್ ರೋಗ ಉಲ್ಬಣಿಸಿದ್ದಾಗ ಭಾರತದ ಆರೋಗ್ಯ ಸಚಿವಾಲಯವು ಮನೆಯಲ್ಲಿದ್ದ ರೋಗಿಗಳಿಗೂ ಈ ಭಂಗಿಯನ್ನು ಚಿತ್ರಸಹಿತ ತಿಳಿಸಿದುದು ವಾಚಕರಿಗೆ ನೆನಪಿರಬಹುದು. ಆದರೆ ಪ್ರಜ್ಞೆಯಿಲ್ಲದವನನ್ನು ಬೋರಲಾಗಿಸುವುದು ನುರಿತವರ ಕೆಲಸ. ಕಣ್ಣುಗುಡ್ಡೆಯ ಮೇಲೆ ಒತ್ತಡ ಬಿದ್ದರೆ ದೃಷ್ಟಿಗೆ ಅಪಾಯವಿದೆ. ಹೊಟ್ಟೆ ಅದುಮಿಕೊಳ್ಳದಂತೆ ಎದೆಗೂ ಸೊಂಟಕ್ಕೂ ಆಸರೆ ಕೊಡಬೇಕು. ಉಸಿರಿನ ಕೊಳವೆ ಕಳಚದಂತೆ ಒಬ್ಬರು ತಲೆಯ ಬಳಿಯಲ್ಲಿಯೇ ನಿಲ್ಲಬೇಕು.

ಇವುಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಸದಾಕಾಲಕ್ಕೂ ಒಳ್ಳೆಯದಾದ ಭಂಗಿ ಎಂಬುದು ಯಾವುದೂ ಇಲ್ಲ. ಪ್ರತಿಯೊಂದರಿಂದಲೂ ಒಂದು ಲಾಭ, ಒಂದು ಅಪಾಯ. ಪ್ರತಿಯೊಂದಕ್ಕೂ ಒಂದು ಕಾಲಮಿತಿ.

ಮನೆಯಲ್ಲಿ ಮಾಡಬಹುದಾದುದು

ನಮ್ಮಲ್ಲಿ ಹಾಸಿಗೆ ಹಿಡಿದವರಲ್ಲಿ ಅನೇಕರು ಮನೆಯಲ್ಲಿಯೇ ಇರುತ್ತಾರೆ. ಅವರನ್ನು ನೋಡಿಕೊಳ್ಳುವವರು ದಾದಿಯರಲ್ಲ, ಮಕ್ಕಳು ಸೊಸೆಯರು ಮೊಮ್ಮಕ್ಕಳು. ಮೇಲೆ ವಿವರಿಸಿದ ತತ್ತ್ವಗಳಿಂದ ಅವರಿಗೆ ದೊರೆಯುವ ನಿಯಮಗಳಿವು.

ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಒತ್ತಡವನ್ನು ಹಂಚುವ ವಿಶೇಷ ಹಾಸಿಗೆಯಿದ್ದು ಚರ್ಮವೂ ಚೆನ್ನಾಗಿದ್ದರೆ ಈ ಅವಧಿಯನ್ನು ವೈದ್ಯರು ಹೆಚ್ಚಿಸಬಹುದು. ಪಕ್ಕಕ್ಕೆ ಮಲಗಿಸುವಾಗ ಸೊಂಟದ ಗೆಣ್ಣಿನ ಮೇಲೆ ನೇರವಾಗಿ ಭಾರ ಬೀಳದಂತೆ, ಬೆನ್ನಿಗೆ ದಿಂಬು ಕೊಟ್ಟು ಸುಮಾರು ೩೦ ಅಂಶಗಳಷ್ಟು ಓರೆಯಾಗಿಸಿದರೆ ಸಾಕು. ಮೊಣಕಾಲುಗಳ ನಡುವೆ ಒಂದು ದಿಂಬು ಇರಲಿ. ಮೀನಖಂಡದ ಕೆಳಗೆ ಮತ್ತೊಂದನ್ನಿಟ್ಟರೆ ಹಿಮ್ಮಡಿಗಳು ಹಾಸಿಗೆಯನ್ನು ಮುಟ್ಟದೆ ಇರುತ್ತವೆ. ರೋಗಿಯನ್ನು ಎಂದಿಗೂ ದರದರನೆ ಎಳೆಯಬಾರದು. ಮೈಕೆಳಗೆ ಒಂದು ಅಡ್ಡದುಪ್ಪಟಿಯನ್ನು ಹಾಸಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಬೇಕು. ಇದರಿಂದ ಎತ್ತುವವರ ಬೆನ್ನೂ ಉಳಿಯುತ್ತದೆ. ಹಾಸಿಗೆಯ ಬಟ್ಟೆ ಸುಕ್ಕಿಲ್ಲದೆ, ಒದ್ದೆಯಿಲ್ಲದೆ ಇರಬೇಕು. ಊಟ ಮಾಡಿಸುವಾಗ ತಲೆಯೆತ್ತರಿಸಿ, ಮುಗಿದ ಮೇಲೂ ಸ್ವಲ್ಪ ಹೊತ್ತು ಹಾಗೆಯೇ ಬಿಡಬೇಕು. ಇಲ್ಲವಾದರೆ ಅನ್ನ ಶ್ವಾಸನಾಳಕ್ಕೆ ಹೋಗುವ ಭಯವುಂಟು.

ದಿನಕ್ಕೊಮ್ಮೆಯಾದರೂ ಬೆಳಕಿನಲ್ಲಿ ಮೈಯನ್ನು ಪರೀಕ್ಷಿಸಬೇಕು. ವಿದ್ಯಾರ್ಥಿಗಳು ತಮ್ಮ ಉಗುರನ್ನು ಒತ್ತಿ ಬಿಟ್ಟು ನೋಡಲಿ. ಬಿಳಿಚಿದ ಉಗುರು ಒಂದೆರಡು ಕ್ಷಣಗಳಲ್ಲಿ ಮತ್ತೆ ಕೆಂಪಾಗುತ್ತದೆ. ಕೆಂಪಾದ ಚರ್ಮವನ್ನೂ ಹೀಗೆಯೇ ಒತ್ತಿ ನೋಡಬಹುದು. ಒತ್ತಿದಾಗ ಬಿಳಿಚಿಕೊಂಡರೆ ರಕ್ತ ಚಲಿಸುತ್ತಿದೆಯೆಂದು ಅರ್ಥ. ಬಿಳಿಚದೆ ಕೆಂಪಾಗಿಯೇ ಉಳಿದರೆ ಹುಣ್ಣು ಆರಂಭವಾಗಿದೆಯೆಂದು ತಿಳಿದು ಆ ಭಾಗದ ಮೇಲಿನ ಭಾರವನ್ನು ಪೂರ್ತಿ ತಪ್ಪಿಸಿ ವೈದ್ಯರಿಗೆ ತೋರಿಸಬೇಕು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸುಲಭವಾಗಿ ಕಾಣದಿರುವುದರಿಂದ, ಸುತ್ತಲಿನ ಚರ್ಮಕ್ಕಿಂತ ಆ ಜಾಗ ಬಿಸಿಯಾಗಿದೆಯೆ, ಗಡುಸಾಗಿದೆಯೆ, ಬಣ್ಣ ಬೇರೆಯಾಗಿದೆಯೆ ಎಂದು ಮುಟ್ಟಿ ನೋಡಬೇಕು.

ಒಳ್ಳೆಯದೆಂದು ಭಾವಿಸಿ ಮಾಡುವ ಎರಡು ತಪ್ಪುಗಳನ್ನು ಇಲ್ಲಿ ಹೇಳಲೇಬೇಕು. ಕೆಂಪಾದ ಜಾಗವನ್ನು ಎಣ್ಣೆ ಹಚ್ಚಿ ತಿಕ್ಕುವುದು ಒಂದು. ನೊಂದ ಅಂಗಾಂಶಗಳಿಗೆ ಅದರಿಂದ ಮತ್ತಷ್ಟು ಹಾನಿ. ಸಿಂಬಿಯಂತೆ ನಡುವೆ ತೂತಿರುವ ದಿಂಬನ್ನು ಹುಣ್ಣಿನ ಕೆಳಗಿಡುವುದು ಇನ್ನೊಂದು. ಅದರ ಅಂಚು ಸುತ್ತಲಿನ ರಕ್ತನಾಳಗಳನ್ನು ಅದುಮಿ ನಡುವಿನ ಭಾಗಕ್ಕೆ ಬರಬೇಕಾದ ರಕ್ತವನ್ನೇ ತಡೆಯುತ್ತದೆ. ಕೊಡ ಹೊರುವವರ ನೆತ್ತಿಯನ್ನು ಕಾಯುವ ಸಾಧನ ಹುಣ್ಣಿಗೆ ಹಗೆಯಾಗುತ್ತದೆ.

ಮತ್ತೊಂದು ಎಚ್ಚರಿಕೆ. ರಸ್ತೆಯ ಅಪಘಾತದಲ್ಲಿ ಬಿದ್ದವನ ಕತ್ತಿಗೋ ಬೆನ್ನಿಗೋ ಪೆಟ್ಟಾಗಿರುವ ಶಂಕೆಯಿದ್ದರೆ, ಬೆಂಕಿಯಂಥ ತಕ್ಷಣದ ಅಪಾಯವಿಲ್ಲದಿರುವಾಗ ಆತನನ್ನು ಎಳೆದಾಡಬಾರದು. ಹೊರಳಿಸಲೇಬೇಕಾದರೆ ಒಬ್ಬರು ತಲೆಯನ್ನೂ ಕತ್ತನ್ನೂ ನೇರವಾಗಿ ಹಿಡಿದು, ಉಳಿದವರು ಮೈಯನ್ನು ಮರದ ದಿಮ್ಮಿಯನ್ನು ಉರುಳಿಸುವಂತೆ ಒಂದೇ ಸಲಕ್ಕೆ ತಿರುಗಿಸಬೇಕು.

ಈ ವಿದ್ಯೆಗೆ ಬೇಕಾದ ಸಾಮಗ್ರಿ ನಾಲ್ಕು ದಿಂಬು, ಒಂದು ದುಪ್ಪಟಿ, ಒಂದು ಗಡಿಯಾರ. ಬದಲಿಸಿದ ಮಗ್ಗುಲನ್ನೂ ಹೊತ್ತನ್ನೂ ಬರೆದಿಡಲು ಒಂದು ಹಳೆಯ ನೋಟುಪುಸ್ತಕವಿದ್ದರೆ ಯಾರ ಸರದಿಯೂ ತಪ್ಪುವುದಿಲ್ಲ. ಮನೆಯಲ್ಲಿ ಇಂಥ ರೋಗಿಯಿದ್ದರೆ ರಾತ್ರಿಯ ಸರದಿಯೆಲ್ಲವೂ ತಾಯಿಯೊಬ್ಬಳ ಪಾಲಿಗೇ ಬೀಳುವುದು ಸಾಮಾನ್ಯ. ಹತ್ತು ಗಂಟೆಯವರೆಗೆ ಓದುತ್ತ ಕೂರುವ ವಿದ್ಯಾರ್ಥಿಯು ಮಲಗುವ ಮುನ್ನ ಅದರಲ್ಲಿ ಒಂದನ್ನು ತಾನು ವಹಿಸಿಕೊಳ್ಳಬಹುದು.